ತಲೆ ಸೀಳಿದ ಸೂಜಿ

ನಿವೃತ್ತಿಯ ಹಿಂದಿನ ವರ್ಷ ನಾನು ಕಾರ್ಕಳದ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕ್ವಾಲಿಟಿ ಸೂಪರ್‌ವೈಸರ್ ಆಗಿದ್ದೆ. ಅಲ್ಲಿ ತಯಾರಾಗುತ್ತಿದ್ದದ್ದು ಎಳೆಮಕ್ಕಳ ಅಂಗಿ. ಹಾಗಾಗಿ ಸೂಜಿಯ ವಿಷಯದಲ್ಲಿ ನಿಯಮ ಬಲು ಬಿಗಿ. ಕೈಹೊಲಿಗೆಯವರಿಗೆ ಬೆಳಿಗ್ಗೆ ತಲಾ ಒಂದು ಸೂಜಿ ಕೊಟ್ಟು ಸಂಜೆ ವಾಪಸ್ ಪಡೆಯುತ್ತಿದ್ದೆವು. ಮುರಿದರೆ ಎಲ್ಲ ತುಂಡೂ ಸಿಗಬೇಕು. ಸಿಗದಿದ್ದರೆ ಅಂದಿನ ಮಾಲು ಹೊರಗೆ ಹೋಗುವಂತಿಲ್ಲ. ಯಾರನ್ನೂ ನಂಬದಿರುವುದೇ ನನ್ನ ಕೆಲಸ, ಅದು ನನ್ನ ಸ್ವಭಾವಕ್ಕೂ ಚೆನ್ನಾಗಿ ಒಗ್ಗಿತ್ತು. ಮನೆಗೆ ಬರುವ ಹಾಲಿನವನನ್ನೂ ನಾನು ಅದೇ ಕಣ್ಣಿನಿಂದ ನೋಡುತ್ತೇನೆಂದು ಹೆಂಡತಿಯ ದೂರು.

ಒಂದು ಸಂಜೆ ಜಲಜಕ್ಕ ಮರಳಿಸಿದ ಸೂಜಿಯ ತಲೆ ಸೀಳಿತ್ತು. ದಾರ ಪೋಣಿಸುವ ಕಣ್ಣು ಮೇಲ್ಗಡೆ ತೆರೆದುಕೊಂಡಿತ್ತು. ಜಲಜಕ್ಕ ಬೆಳ್ಮಣ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದವರು, ಗುಂಡಿ ಹೊಲಿಯುವ ವಿಭಾಗದಲ್ಲಿ ಎಲ್ಲರಿಗಿಂತ ಹಳಬರು. ಮುರಿದ ತುಂಡು ಎಲ್ಲಿ ಎಂದು ಕೇಳಿದೆ.

"ಮುರಿದದ್ದಲ್ಲ ಸಾರ್," ಎಂದರು.

ಮತ್ತೆ ಎಷ್ಟು ಕೇಳಿದರೂ ನೆಲ ನೋಡುತ್ತಾ ನಿಂತರು. ಸುಳ್ಳು ಹೇಳುವವರು ನಿಲ್ಲುವುದೇ ಹೀಗೆ ಎಂದು ನನಗೆ ಖಾತ್ರಿಯಿತ್ತು. ಲಾರಿಗೆ ಹೇರಿದ್ದ ಪೆಟ್ಟಿಗೆಗಳನ್ನು ಇಳಿಸಿ, ಅವರ ಕೈದಾಟಿದ ಅಂಗಿಗಳನ್ನೆಲ್ಲ ಮತ್ತೊಮ್ಮೆ ಮೆಟಲ್ ಡಿಟೆಕ್ಟರ್‌ನಲ್ಲಿ, ಅಂದರೆ ಲೋಹ ಪತ್ತೆಹಚ್ಚುವ ಯಂತ್ರದಲ್ಲಿ ಹಾಯಿಸಿದೆವು. ಏನೂ ಸಿಗಲಿಲ್ಲ. ನನ್ನ ಸಂಶಯ ಇಳಿಯುವ ಬದಲು ಏರಿತು. ತುಂಡು ಸಿಗದಿದ್ದರೆ ನಾಳೆಯಿಂದ ಆ ಹೆಂಗಸು ಬರುವುದು ಬೇಡ ಎಂದು ಮ್ಯಾನೇಜರ್ ಹೇಳಿ ಹೋದರು.

ಕೊನೆಗೆ ಸೂಜಿಯನ್ನು ಭೂತಗನ್ನಡಿಯ ಕೆಳಗಿಟ್ಟೆ. ಮುರಿದ ಲೋಹದ ಅಂಚು ಒರಟಾಗಿರುತ್ತದೆ, ಇದರ ಅಂಚು ನುಣುಪಾಗಿತ್ತು. ದೃಷ್ಟಿ ಮಂದವಾದವರಿಗೆಂದೇ ಇಂಥ ಸೂಜಿ ಬರುತ್ತದೆ. ದಾರವನ್ನು ಸೀಳಿನ ಮೇಲೆ ಅಡ್ಡ ಇಟ್ಟು ಕೆಳಗೆ ಎಳೆದರೆ ಕಣ್ಣಿನೊಳಗೆ ತಾನೇ ಇಳಿಯುತ್ತದೆ. ಹಾಗಿದ್ದರೆ ಇದು ಕಾರ್ಖಾನೆಯ ಸೂಜಿಯೇ ಅಲ್ಲ. ನಮ್ಮದು ಎಲ್ಲಿ ಹೋಯಿತು ಎಂದು ಕೇಳಿದೆ.

ಜಲಜಕ್ಕ ಏಪ್ರನ್ನಿನ ಮಡಿಕೆಯನ್ನು ಬೆರಳಿನಿಂದ ತಡಕಿ, ಅಲ್ಲಿ ಚುಚ್ಚಿಟ್ಟಿದ್ದ ನಮ್ಮ ಸೂಜಿಯನ್ನು ತೆಗೆದುಕೊಟ್ಟರು. ಕೈ ಅಭ್ಯಾಸದಿಂದ ಗುಂಡಿ ಹೊಲಿಯಲು ಅವರಿಗೆ ಕಷ್ಟವಿರಲಿಲ್ಲ, ದಾರ ಪೋಣಿಸಲು ಮಾತ್ರ ಆಗುತ್ತಿರಲಿಲ್ಲ. ಅದಕ್ಕೇ ಉಡುಪಿಯಿಂದ ತಂದ ಸೂಜಿಯಲ್ಲಿ ದಿನವಿಡೀ ಹೊಲಿದು, ಸಂಜೆ ನಮ್ಮದನ್ನು ಒಪ್ಪಿಸುತ್ತಿದ್ದರಂತೆ. ಅಂದು ಅದಲುಬದಲಾಗಿತ್ತು. ಯಾವುದು ಯಾವುದೆಂದು ಅವರ ಕಣ್ಣಿಗೆ ಕಂಡಿರಲಿಲ್ಲ.

"ಕಣ್ಣು ಕಾಣುದಿಲ್ಲ ಅಂತ ಮೊದಲೇ ಹೇಳಿದ್ರೆ ನೀವು ಮನೆಗೆ ಕಳಿಸ್ತಿದ್ರಿ, ಅಲ್ವಾ?"

ಖಂಡಿತ ಕಳಿಸುತ್ತಿದ್ದೆವು. ನನಗೆ ತುಂಬ ನಾಚಿಕೆಯಾಯಿತು.

ಸೀಳು ಸೂಜಿಗೆ ಮಾತ್ರ ನಾನು ಒಪ್ಪಲಿಲ್ಲ. ಅದರ ಸೀಳಿದ ತಲೆಯ ತುದಿ ನಿಜವಾಗಿಯೂ ಮುರಿದು ಮಗುವಿನ ಅಂಗಿಯಲ್ಲಿ ಉಳಿಯಬಹುದು. ಆದರೆ ಚಿಕಿತ್ಸೆ ಆಗುವವರೆಗೆ ಅವರನ್ನು ಅಂಗಿ ಮಡಚುವ ಕೆಲಸಕ್ಕೆ ಹಾಕಲೇಬೇಕೆಂದು ಮ್ಯಾನೇಜರ್ ಮುಂದೆ ಹಟ ಹಿಡಿದೆ. ಅವರು ಗೊಣಗುತ್ತಲೇ ಒಪ್ಪಿದರು. ಜಲಜಕ್ಕ ಮಣಿಪಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕನ್ನಡಕ ಹಾಕಿಕೊಂಡು ತಮ್ಮ ಜಾಗಕ್ಕೆ ಮರಳಿದರು.

ಒಬ್ಬರು ಬಚ್ಚಿಟ್ಟಿದ್ದರೆ ಇನ್ನೂ ಕೆಲವರು ಬಚ್ಚಿಟ್ಟಿರಬೇಕು. ವಿಚಾರಿಸಿದರೆ ಎಲ್ಲರೂ ಕಣ್ಣು ಚೆನ್ನಾಗುಂಟು ಎಂದರು. ಅದನ್ನೂ ನಾನು ನಂಬಲಿಲ್ಲ. ಸೂಜಿ ಇಳಿಸಿ ಗುಂಡಿ ಒತ್ತಿದರೆ ದಾರ ಪೋಣಿಸಿಕೊಡುವ ಪುಟ್ಟ ಸಾಧನವೊಂದನ್ನು ತರಿಸಿ ನನ್ನ ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದೆ. ಒಬ್ಬರೂ ಬರಲಿಲ್ಲ. ಆಮೇಲೆ ಅದನ್ನು ಕಪಾಟಿನ ಮರೆಗೆ, ಕುಡಿಯುವ ನೀರಿನ ಪಕ್ಕಕ್ಕೆ ಸಾಗಿಸಿದೆ.

ಬಚ್ಚಿಡುವವರೆಲ್ಲ ಕಳ್ಳರಲ್ಲ, ಹೆದರಿದವರೂ ಬಚ್ಚಿಡುತ್ತಾರೆ ಎಂಬುದನ್ನು ಆ ಕೆಲಸ ನನಗೆ ನಿವೃತ್ತಿಯ ಹೊಸ್ತಿಲಲ್ಲಿ ಕಲಿಸಿತು. ಸಾಧನದ ಜಾಗ ಬದಲಿಸಿದ ಮರುದಿನದಿಂದ ಗುಂಡಿ ವಿಭಾಗದವರಿಗೆಲ್ಲ ವಿಪರೀತ ಬಾಯಾರಿಕೆ. ನೀರಿಗೆ ಹೋಗುವವರ ಕೈಯಲ್ಲಿ ಲೋಟ ಇರಲಿಲ್ಲ, ಸೂಜಿ ಇತ್ತು. ನಾನು ಆ ಕಡೆಗೆ ಬೆನ್ನು ಬರುವಂತೆ ಕುರ್ಚಿ ತಿರುಗಿಸಿಕೊಂಡೆ.