ಅಕ್ಕ ಹತ್ತದ ಬಸ್ಸು

ಈ ಸಲ ಸಂಕ್ರಮಣಕ್ಕೆ ಅಕ್ಕ ನಮ್ಮ ಮನೆಗೆ ಬರಲಿಲ್ಲ.

ಅದರಲ್ಲೇನು ವಿಶೇಷ ಅಂತೀರಾ? ನನ್ನ ಮದುವೆಯಾಗಿ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಹಬ್ಬದ ಹಿಂದಿನ ದಿನ, ಭೋಗಿಗೆ, ಟಿಕೋಟಾದಿಂದ ಬಸ್ಸು ಹತ್ತಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು ಹೊತ್ತು ವಿಜಯಪುರಕ್ಕೆ ಬಂದವಳು ಅವಳು. ಈ ಸಲ ಮಧ್ಯಾಹ್ನದವರೆಗೂ ಕಾದೆ. ಕೊನೆಗೆ ಫೋನ್ ಮಾಡಿದೆ.

"ಮೊಣಕಾಲ ಹಿಡದಾವ ಬೇ" ಎಂದಳು. ಇಟ್ಟುಬಿಟ್ಟಳು.

ನಾವು ಬಬಲೇಶ್ವರದವರು. ನಾನು ಸಣ್ಣವಳಿದ್ದಾಗಲೇ ಅವ್ವ ತೀರಿಕೊಂಡಳು. ಅಕ್ಕ ಏಳನೇ ಇಯತ್ತೆಗೆ ಶಾಲೆ ಬಿಟ್ಟು ನನ್ನನ್ನು ಸಾಕಿದಳು. ಅವಳ ಶಾಲೆ ನಿಂತಿತು, ನನ್ನದು ನಡೆಯಿತು. ಈಗ ನನಗೆ ಸರ್ಕಾರಿ ನೌಕರಿ, ಸ್ವಂತ ಮನೆ, ಕಾರು. ಅಕ್ಕನ ಗಂಡನಿಗೆ (ನಾನು ಮಾಮಾ ಅನ್ನುತ್ತೇನೆ) ಟಿಕೋಟಾದಲ್ಲಿ ಸಣ್ಣದೊಂದು ಹಿಟ್ಟಿನ ಗಿರಣಿ. ಅಕ್ಕ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುತ್ತಾಳೆ.

ಕಳೆದ ದೀಪಾವಳಿಗೆ ನನಗೊಂದು ಹುಕಿ ಬಂತು. ಅಕ್ಕನಿಗೆ ಈ ವರ್ಷ ಏನಾದರೂ ಭರ್ಜರಿ ಕೊಡಬೇಕು! ಗಾಂಧಿ ಚೌಕದಲ್ಲಿ ಅರ್ಧ ದಿನ ಅಡ್ಡಾಡಿದೆ. ರೇಷ್ಮೆ ಸೀರೆ, ಮಾಮಾನಿಗೆ ಪ್ಯಾಂಟು ಶರ್ಟಿನ ಬಟ್ಟೆ, ಮಿಕ್ಸರ್, ರಿಬ್ಬನ್ ಕಟ್ಟಿದ ಡ್ರೈಫ್ರೂಟ್ಸ್ ಬಾಕ್ಸು. ಕಾರಿನ ಡಿಕ್ಕಿ ತುಂಬಿತು. ಸೀರೆಯ ಮೇಲಿನ ಬೆಲೆಯ ಚೀಟಿ ಕೀಳುವುದು ಮರೆತಿತ್ತು. (ಸುಳ್ಳು. ಮರೆತಿರಲಿಲ್ಲ.)

ಟಿಕೋಟಾದಲ್ಲಿ ಅಕ್ಕನ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಅಕ್ಕ ಬಾಕ್ಸು ತೆರೆದು ನಕ್ಕಳು. "ದ್ರಾಕ್ಷಿ ಊರಿಗೆ ದ್ರಾಕ್ಷಿ ತಂದೀಯಲ್ಲ ಯವ್ವಾ!" ಆಮೇಲೆ ಸೀರೆ ಬಿಚ್ಚಿದಳು. ಚೀಟಿ ನೋಡಿದಳು. ನಗು ನಿಂತಿತು. ಹೊರಡುವಾಗ ಎಂದಿನಂತೆ ನನ್ನ ಉಡಿ ತುಂಬಿದಳು, ಆದರೆ ಜೊತೆಗಿಟ್ಟ ಕುಪ್ಪಸದ ಖಣವನ್ನು ಅಕ್ಕಿಯ ಕೆಳಗೆ ಮುಚ್ಚಿದಳು. ನಾನು ಅದನ್ನು ನೋಡಿದೆ. ಅರ್ಥ ಮಾಡಿಕೊಳ್ಳಲಿಲ್ಲ.

ಸಂಕ್ರಮಣದ ಮರುದಿನ ಮನಸ್ಸು ತಡೆಯದೆ ಟಿಕೋಟಾಕ್ಕೆ ಹೋದೆ. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕುಕ್ಕರುಗಾಲಲ್ಲಿ ಕುಳಿತು! ಅಡುಗೆಮನೆಯಲ್ಲಿ ಬಿಳಿ ಬಟ್ಟೆಯ ರೊಟ್ಟಿಗಂಟು. ಗಂಟು ಬಿಚ್ಚಿಯೇ ಇರಲಿಲ್ಲ.

"ಮಾಮಾ, ಇದೇನ್ರಿ?"

ಮಾಮಾ ಹಿತ್ತಲ ಕಡೆ ಒಮ್ಮೆ ಇಣುಕಿದರು. "ನಿಮ್ಮನಿಗೇ ಅಂತ ಬಡದಿದ್ಲವ್ವಾ. ಮುಂಜಾನೆ ಬಸ್ ಸ್ಟ್ಯಾಂಡಿಗೂ ಹೋಗಿದ್ಲು. ಎರಡ ಬಸ್ ಬಿಟ್ಲಂತ. ಹೊಳ್ಳಿ ಬಂದ್ಲು."

ಧೈರ್ಯ ಮಾಡಿ ಯಾಕೆ ಎಂದು ಕೇಳಿದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

"ಸಿಟ್ಟಾಗಬ್ಯಾಡ. ಸೀರಿ, ಮಿಕ್ಸರ್ ಅಂತ ಅಷ್ಟ ದೊಡ್ಡ ಆಯಾರ ಮಾಡಿದಿ. ಅದಕ್ಕ ಹೊಳ್ಳಿ ಮಾಡಾಕ ನನ್ನ ಕಡೆ ಏನೈತಿ? ರೊಟ್ಟಿ ತಗೊಂಡು ನಿನ್ನ ಬಾಗಲಾಗ ಹೆಂಗ ನಿಂದ್ರಲಿ?"

"ಯಕ್ಕಾ, ನಾ ಏನರ ಕೇಳೀನೇನ?"

"ನೀ ಕೇಳಿಲ್ಲ. ಹೋದ ವರ್ಷ ರೊಟ್ಟಿ ಇಟ್ಟಾಗ ಅಂದಿದ್ದಿ. 'ಇಷ್ಟ್ಯಾಕ ಹೊತ್ಕೊಂಡ ಬರ್ತಿ, ಇಲ್ಲೇ ಪಾಕೀಟಿನ್ಯಾಗ ಸಿಗ್ತಾವ' ಅಂತ."

ಅಂದಿದ್ದೆನಾ? ಅಂದಿರಬೇಕು. ಅವಳ ಕಷ್ಟ ತಪ್ಪಲಿ ಎಂದು ಅಂದಿರಬೇಕು. ಹೀಗೆಂದು ಈಗ ಹೇಳಿಕೊಳ್ಳುತ್ತಿದ್ದೇನೆ, ಅಷ್ಟೇ. ನಿಜ ಹೇಳಲೇ? ಅವತ್ತು ನಮ್ಮ ಮನೆಯಲ್ಲಿ ಆಫೀಸಿನ ಗೆಳತಿಯರಿದ್ದರು. ಅವರೆದುರು ಆ ಗಂಟು ನನಗೆ ಮುಜುಗರವಾಗಿತ್ತು.

ನಾವು ಹಬ್ಬಕ್ಕೆ ಕೊಡುವುದೆಲ್ಲ ಪ್ರೀತಿಯಿಂದಲೇನಾ? ನಾನು ಆ ಸೀರೆ ಕೊಂಡದ್ದು ಅಕ್ಕ ಉಡಲಿ ಎಂದೋ, ನಾನು ಎಷ್ಟು ಮೇಲೆ ಬಂದಿದ್ದೇನೆ ಎಂದು ಅವಳ ಓಣಿ ನೋಡಲಿ ಎಂದೋ? ಅವಳ ಎದುರು ನಿಂತಾಗ ಈ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

"ಊಟಕ್ಕ ಹಾಕು ಯಕ್ಕಾ" ಎಂದೆ. ಗಂಟು ಬಿಚ್ಚಿದಳು. ರೊಟ್ಟಿ ಸೆಟೆದಿದ್ದವು. ಭೋಗಿ ಪಲ್ಯ ಉಳಿದಿರಲಿಲ್ಲ. ಶೇಂಗಾ ಹಿಂಡಿಯ ಚಟ್ನಿ, ಮೊಸರು ಹಾಕಿದಳು. ಮೂರು ರೊಟ್ಟಿ ತಿಂದೆ. ಅತ್ತುಬಿಟ್ಟೆ. ಅವಳೂ ಅತ್ತಳು. ಮಾಮಾ ಗಿರಣಿಯಲ್ಲಿ ಕೆಲಸವಿದೆ ಎಂದು ಎದ್ದು ಹೋದರು.

ಎಲ್ಲ ಸರಿಹೋಯಿತು ಅಂದುಕೊಂಡೆ. ಕಾರು ಹತ್ತುವಾಗ ಕೇಳಿದೆ, "ಯುಗಾದಿಗೆ ಬರ್ತಿ ಹೌದಿಲ್ಲೋ?"

"ಬರ್ತೀನಿ ತಗೋ" ಎಂದಳು. ಕಿಟಕಿಯ ಹತ್ತಿರ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ದನಿ ಇಳಿಸಿದಳು. "ಬರುವಾಗ ಏನ್ ತಂದ್ರ ನಡೀತೈತಿ, ಹೇಳು."

ನನ್ನನ್ನು ಸಾಕಿದವಳು ನನ್ನ ಮನೆಗೆ ಬರಲು ನನ್ನ ಅಪ್ಪಣೆ ಕೇಳುತ್ತಿದ್ದಾಳೆ. ನಾನು ಏನೆಂದು ಹೇಳಲಿ?