ಜಲಸಂಧಿಗೆ ಎರೆದ ಹಾಲು

ಹೆಜಮಾಡಿಯ ಮೊಗವೀರರ ದೇಜಪ್ಪನಿಗೆ ಸಮುದ್ರವೆಂದರೆ ಮೀನು. ಕುವೈತಿಗೆ ಬಂದ ಮೇಲೆ ಅದು ಬರೀ ನೀರಾಯಿತು. ಉತ್ತರದಲ್ಲಿ, ಬುಬಿಯಾನ್ ದ್ವೀಪಕ್ಕೂ ದಡಕ್ಕೂ ನಡುವಿನ ಜಲಸಂಧಿಯಲ್ಲಿ ದೋಣಿ ನಿಲ್ಲಿಸಿ, ಹಗ್ಗಕ್ಕೆ ಕಟ್ಟಿದ ಮಿಷನ್ ನೀರಿಗಿಳಿಸಿ, ಉಪ್ಪೆಷ್ಟು, ಬಿಸಿಯೆಷ್ಟು, ಮಣ್ಣು ಬೆರೆತ ಕಲಕೆಷ್ಟು ಎಂದು ಅಳೆಯುವುದು ಅವನ ಕೆಲಸ. ಬಲೆಯಿಲ್ಲದ ಈ ದುಡಿಮೆ ಅವನಿಗೆ ಒಗ್ಗಿಯೂ ಒಗ್ಗಿರಲಿಲ್ಲ.

ಆ ದಿನವಂತೂ ಅವನು ಬಾಲ ಸುಟ್ಟ ಬೆಕ್ಕು. ಬಸುರಿ ಹೆಂಡತಿ ಹರಿಣಾಕ್ಷಿ ಹೆರಿಗೆಗೆಂದು ಸಂಜೆಯ ವಿಮಾನದಲ್ಲಿ ಊರಿಗೆ ಹೊರಟಿದ್ದಳು. ಅಷ್ಟರೊಳಗೆ ಅವನು ವಿಮಾನ ನಿಲ್ದಾಣ ಸೇರಬೇಕು. ತಪ್ಪಿದರೆ ಮತ್ತೆ ಅವಳ ಮುಖ ನೋಡುವುದು ಮಗು ನಡೆಯುವ ಹೊತ್ತಿಗೆ. ರಜೆ ಸಿಕ್ಕಿರಲಿಲ್ಲ. ಇಳಿತದಿಂದ ಉಬ್ಬರದವರೆಗೆ ಅಳೆಯದೆ ದೋಣಿ ತಿರುಗಿಸುವ ಹಾಗೂ ಇಲ್ಲ; ನಡುವೆ ಬಿಟ್ಟರೆ ಅಳೆದದ್ದೆಲ್ಲ ದಂಡ.

ಬೆಳಿಗ್ಗೆ ಅವಳು ಹೇಳಿದ್ದಳು: "ನಾನು ಕಡಲು ದಾಟುವವಳು. ಸ್ವಲ್ಪ ಹಾಲು ಎರೆದು ಕೈ ಮುಗಿಯಿರಿ, ಮರೀಬೇಡಿ."

ಊರಿನಲ್ಲಿ ಮೀನುಗಾರಿಕೆಗೆ ಇಳಿಯುವ ಮೊದಲು ಸಮುದ್ರಕ್ಕೆ ಹಾಲೆರೆಯುವುದು ಅವರ ಪದ್ಧತಿ. ಉಳಿದವರು ಊಟಕ್ಕೆ ಕೂತಾಗ ದೇಜಪ್ಪ ಚಹಾಕ್ಕೆಂದು ತಂದ ಹಾಲಿನ ಡಬ್ಬಿಯನ್ನು ಪೂರ್ತಿ ಸುರಿದ. ಅವಸರದಲ್ಲಿ ಸುರಿದದ್ದು ಮಿಷನ್ ಇಳಿಬಿಟ್ಟಿದ್ದ ಕಡೆಗೇ.

ದೋಣಿಯ ವಿಜ್ಞಾನಿ, ಕಲ್ಯಾಣಪುರದ ಸೈಮನ್ ಸಾರ್, ಕಂಪ್ಯೂಟರ್ ನೋಡಿ ಹೌಹಾರಿದರು. ಕಲಕು ಒಮ್ಮೆಲೇ ಏರಿತ್ತು. "ಇರಾಕಿನ ಕಡೆಯಿಂದ ಹೂಳು ಬಂತು ಕಾಣ್ತದೆ. ಉಬ್ಬರ ಮುಗಿದ್ರೂ ನಿಲ್ಲುವ. ಇನ್ನೊಮ್ಮೆ ಬರ್ತದಾ ನೋಡುವ."

ಅದು ತನ್ನ ಹಾಲೇ ಎಂದು ದೇಜಪ್ಪನಿಗೆ ಹೊಳೆಯಿತು. ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ವಿಮಾನ ಹೋಗುತ್ತದೆ. ಮಾಡಿದ್ದುಣ್ಣೋ ಮಹಾರಾಯ! ಉಬ್ಬರ ಮುಗಿಯಿತು, ದೋಣಿ ಕದಲಲಿಲ್ಲ. ಅವನು ಆ ತುದಿಗೂ ಈ ತುದಿಗೂ ನಡೆದ, ಸಿಗ್ನಲ್ ಇಲ್ಲದ ಮೊಬೈಲನ್ನು ಎತ್ತಿ ಎತ್ತಿ ಹಿಡಿದ, ಇಳಿಯುತ್ತಿದ್ದ ಸೂರ್ಯನನ್ನು ಬೈದ. ಕೊನೆಗೆ ತಡೆಯಲಾಗಲಿಲ್ಲ.

"ಸಾರ್, ಅದು ಹೂಳಲ್ಲ, ಹಾಲು. ನಾನೇ ಎರೆದದ್ದು. ಹೆಂಡತಿ ಇವತ್ತು ಊರಿಗೆ ಹೋಗುವವಳು."

ಸೈಮನ್ ಸಾರ್ ಕಂಪ್ಯೂಟರ್ ಮುಚ್ಚಿದರು. "ಮೊದಲೇ ಹೇಳ್ಲಿಕ್ಕೆ ಏನಾಗಿತ್ತು ಮಾರಾಯ? ಒಂದು ಡಬ್ಬಿ ಹಾಲಿಗೆ ನಾನು ಇಡೀ ಇರಾಕನ್ನು ದೂರಿದೆ." ಮತ್ತೆ ದೋಣಿ ನಡೆಸುವವನ ಕಡೆ ತಿರುಗಿ "ಯಲ್ಲಾ, ಹೊರಡು" ಎಂದರು.

ದಡ ಹತ್ತಿರವಾದಾಗ ಫೋನು ಬಡಿದುಕೊಂಡಿತು. ಹರಿಣಾಕ್ಷಿ. ಖೈತಾನ್ ಬಡಾವಣೆಯ ಮನೆಯಿಂದ ನೆರೆಯ ಮೊಯ್ದಿನಬ್ಬ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟುಹೋಗಿದ್ದ. ಅವಳು ಆಗಲೇ ವಿಮಾನ ಹತ್ತುವ ಸಾಲಿನಲ್ಲಿದ್ದಳು. ದೇಜಪ್ಪನಿಗೆ ಅಳು ಬಂತು.

"ಬರ್ಲಿಕ್ಕೆ ಆಗ್ಲಿಲ್ಲ," ಎಂದ.

"ಗೊತ್ತಾಯ್ತು. ಹಾಲಾದರೂ ಎರೆದಿರಾ, ಅದನ್ನೂ ಮರೆತಿರಾ?"

"ಎರೆದೆ."

"ನಿಜವಾಗಿ?"

"ನಿಜವಾಗಿ. ಸಮುದ್ರಕ್ಕೆ ಮುಟ್ಟಿದೆ ಅಂತ ಮಿಷನ್ ಸಹ ಹೇಳಿತು. ಬೇಕಾದ್ರೆ ಸೈಮನ್ ಸಾರ್ ಹತ್ರ ಕೇಳು."