ದೊರೆಗೆ ಕಟ್ಟಿದ ಹನ್ನೆರಡು ಹುಳ

ಒಡವೆಗೆ ರೇಷ್ಮೆ ದಾರ ಹಾಕುವವರ ಮನೆಯಲ್ಲಿ ಮೀನಿಗೆ ಹುಳ ಕಟ್ಟುತ್ತಿದ್ದೆವು ಎಂದರೆ ಈಗಿನವರು ನಗುತ್ತಾರೆ. ನಗಲಿ. ಆಗ ಹುಣಸೂರಿನ ನಮ್ಮ ಬೀದಿಯವರೂ ನಕ್ಕಿದ್ದರು.

ಅಕ್ಕಸಾಲಿಗರು ಮಾಡಿಕೊಟ್ಟ ಗುಂಡು, ಪದಕಗಳನ್ನು ಪೋಣಿಸಿ, ಹಿಂದಕ್ಕೆ ಕುಚ್ಚು ಕಟ್ಟುವುದು ನನ್ನ ಗಂಡನ ಮನೆತನದ ಕೆಲಸ. ಗಂಟು ಎಲ್ಲಿದೆ ಎಂದು ಕಾಣಬಾರದು. ಒಂದು ಎಳೆಯೂ ಮೇಲೆದ್ದಿರಬಾರದು, ಎದ್ದರೆ ಹೆಂಗಸರ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಮದುವೆಯಾಗಿ ಬಂದ ಮೇಲೆ ನಾನೂ ಕಲಿತೆ. ನನ್ನದು ಚೊಕ್ಕ ಕೈ ಎಂದು ಅತ್ತೆಯೇ ಹೇಳುತ್ತಿದ್ದರು, ಅವರು ಯಾರನ್ನೂ ಸುಮ್ಮನೆ ಹೊಗಳಿದವರಲ್ಲ.

ನಲವತ್ತು ದಾಟುತ್ತಿದ್ದ ಹಾಗೆ ನನ್ನ ಗಂಡನ ಬಲಗೈ ನಡುಗತೊಡಗಿತು. ಬಿಳಿಕೆರೆಯವರೊಬ್ಬರ ಕಾಸಿನ ಸರ ಎರಡೇ ವಾರಕ್ಕೆ ಗಂಟು ಬಿಚ್ಚಿಕೊಂಡು ವಾಪಸು ಬಂತು. ಅಲ್ಲಿಂದ ಮುಂದೆ ಅಕ್ಕಸಾಲಿಗರು ಕೆಲಸವನ್ನು ನನ್ನ ಕೈಗೆ ಕೊಟ್ಟು, ನನ್ನ ಗಂಡನ ಯೋಗಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ಆ ಯೋಗಕ್ಷೇಮವೇ ಅವರನ್ನು ಅರ್ಧ ಕೊಂದಿತು.

ಲಡಾಯಿ ಶುರುವಾಗಿ ದೊರೆಗಳ ಸೀಮೆಯಿಂದ ಪಾರ್ಸಲ್ಲು ಬರುವುದು ನಿಂತ ಕಾಲ ಅದು, ಅವರ ಗಾಳದ ಸಾಮಾನೂ ಬರುತ್ತಿರಲಿಲ್ಲ. ಕೊಡಗಿನ ಕಾಫಿ ತೋಟದ ದೊರೆಯೊಬ್ಬರು ಕೋಟೆ ತಾಲ್ಲೂಕಿನ ಕಡೆ ಕಪಿಲಾ ಹೊಳೆಯಲ್ಲಿ ಗಾಳ ಹಾಕಲು ಹೋಗುವಾಗ ನಮ್ಮೂರಿನ ಬಂಗಲೆಯಲ್ಲಿ ಇಳಿಯುತ್ತಿದ್ದರು. ರೇಷ್ಮೆ ಕೆಲಸದವರು ಯಾರೆಂದು ವಿಚಾರಿಸಿಕೊಂಡು ಒಂದು ದಿನ ನಮ್ಮ ಜಗಲಿಗೇ ಬಂದರು. ಅವರ ಬಾಟ್ಲಿಯಲ್ಲಿ ಒಂದು ಸತ್ತ ಹುಳವಿತ್ತು: ಚಪ್ಪಟೆ ಮೈ, ಆರು ಕಾಲು, ಎರಡು ಬಾಲ. ಹೊಳೆಯ ಕಲ್ಲಿನ ಅಡಿ ಇರುವಂಥದು. ಮೀನು ಮೋಸಹೋಗುವಂತೆ, ಅದರ ಹಾಗೇ ಕಾಣುವ ಸುಳ್ಳು ಹುಳವನ್ನು ಗಾಳದ ಮೇಲೆ ರೇಷ್ಮೆ ದಾರದಲ್ಲಿ ಕಟ್ಟಿಕೊಡಬೇಕು. ಮೊದಲು ಗಾಳದ ಬೆನ್ನಿಗೆ ಸೀಸದ ಎಳೆ ಸುತ್ತಬೇಕು, ಆ ಭಾರಕ್ಕೆ ಹುಳ ಮುಳುಗಿ ಕಲ್ಲಿನ ಮಟ್ಟದಲ್ಲಿ ಹೋಗುತ್ತದೆ. ಅದರ ಮೇಲೆ ಮೊಲದ ತುಪ್ಪಟ, ಕಾಲಿಗೆ ಕೋಳಿಯ ಕತ್ತಿನ ಗರಿ.

ನನ್ನ ಗಂಡ ಅಲ್ಲೇ ಕೂತು ಎರಡು ಕಟ್ಟಿಕೊಟ್ಟರು. ತಿಂಗಳು ಕಳೆದು ದೊರೆ ಹಿಗ್ಗಿನಿಂದ ಬಂದರು. ಎರಡಕ್ಕೂ ತೋಳುದ್ದದ ಮೀನು ಬಿದ್ದಿದ್ದವಂತೆ, ಆಮೇಲೆ ಆ ಎರಡು ಹುಳವೂ ದಾರ ಹರಿದು ಹೊಳೆಯ ಪಾಲಾದವಂತೆ. ಇನ್ನು ಹನ್ನೆರಡು ಬೇಕು ಎಂದರು.

ನನ್ನ ಗಂಡನಿಗೆ ಹೋದ ಜೀವ ಬಂದಂತಾಯಿತು. ದಿನಾ ನಮ್ಮೂರ ಹೊಳೆ ಲಕ್ಷ್ಮಣತೀರ್ಥಕ್ಕೆ ಹೋಗಿ ಕಲ್ಲು ಮಗುಚಿ, ಹುಳ ಓಡಾಡುವುದನ್ನು ನೋಡುತ್ತ ಕೂರುವರು. ಒದ್ದೆ ಪಂಚೆಯಲ್ಲೇ ಮನೆಗೆ ಬಂದು, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಕಟ್ಟುವರು. ಹನ್ನೆರಡು ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು.

ನಾನು ನೋಡಿದರೆ ತುಪ್ಪಟವೆಲ್ಲ ಎದ್ದು ನಿಂತಿತ್ತು, ಕಾಲುಗಳು ದಿಕ್ಕಿಗೊಂದು. ಮಳೆಯಲ್ಲಿ ನೆಂದ ಬೀದಿನಾಯಿಯ ಹಾಗಿತ್ತು ಒಂದೊಂದೂ.

“ಇದೇನ್ರೀ, ಇಂಗೆ ಕೆದರ್ಕಂಡದೆ?” ಎಂದೆ.

“ಅಂಗೇ ಇರ್ಬೇಕು ಕಣೆ. ನೀರಲ್ಲಿ ಕಾಲು ಆಡ್ಬೇಕು. ಅದು ಉಳ, ಒಡ್ವೆ ಅಲ್ಲ.”

ನಾನು ನಂಬಲಿಲ್ಲ. ಕೈಯ ಸೋಲನ್ನು ಮಾತಿನಿಂದ ಮುಚ್ಚುತ್ತಿದ್ದಾರೆ ಅಂದುಕೊಂಡೆ. ದೊರೆಯೂ ಇದನ್ನು ಹಿಂದಕ್ಕೆ ಕೊಟ್ಟರೆ ಇವರು ಉಳಿಯುವುದಿಲ್ಲ ಎಂಬ ಹೆದರಿಕೆ ನನ್ನದು. ಹೆದರಿಕೆ ಒಂದೇ ಎಂದರೆ ಸುಳ್ಳಾಗುತ್ತದೆ. ನಮ್ಮ ಮನೆಯಿಂದ ಇಂಥ ಕೆಲಸ ಹೊರಗೆ ಹೋಗುವುದೇ ಎಂಬ ನಾಚಿಕೆಯೂ ಇತ್ತು. ಅವರು ಹೊಳೆಗೆ ಹೋದಾಗ ಒಂದೊಂದನ್ನೇ ಬಿಚ್ಚಿ ಮತ್ತೆ ಕಟ್ಟಿದೆ. ಮೇಣ ಹಚ್ಚಿ ಎಳೆದು, ಒಂದು ರೋಮವೂ ಅಲ್ಲಾಡದ ಹಾಗೆ ಕಟ್ಟಿದೆ. ಮೂರು ದಿನದಲ್ಲಿ ಹನ್ನೆರಡೂ ಮುಗಿದವು. ಒಳಗೆ ತೇವ ಹೋಗದಿರಲಿ ಎಂದು ಅವರಿಗೆ ನೆಪ ಹೇಳಿ, ಅವರು ತೆರೆದು ನೋಡದ ಹಾಗೆ ಹುಳದ ಡಬ್ಬಿಯ ಬಾಯಿಗೆ ಮೇಣ ಮೆತ್ತಿಟ್ಟೆ. ಆವತ್ತು ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯೆನಿಸಿತ್ತು.

ದೊರೆ ಡಬ್ಬಿ ಒಯ್ದ ಎಂಟನೆಯ ದಿನಕ್ಕೆ ತಿರುಗಿ ಬಂದರು. ಡಬ್ಬಿಯನ್ನು ಜಗಲಿಯ ಮೇಲಿಟ್ಟು, ತಮ್ಮ ತೋಟದ ಕನ್ನಡದಲ್ಲಿ, “ಒಂದು ಮೀನೂ ಇಲ್ಲ. ಮೊದಲಿನದು ಜೀವ ಇತ್ತು. ಇದು ಸತ್ತದ್ದು. ನಿಮ್ಮ ಕೈ ಹೋಯಿತಾ?” ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಮರುಕದಿಂದಲೇ ಹೇಳಿದರು.

ನನ್ನ ಗಂಡ ಒಂದನ್ನು ಎತ್ತಿ ತಿರುಗಿಸಿ ನೋಡಿದರು. ನಮ್ಮ ಕಸುಬಿನವರಿಗೆ ಯಾರ ಗಂಟು ಯಾರದು ಎಂದು ಹೇಳಿಕೊಡಬೇಕಾಗಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಒಂದು ಸಲ ನೋಡಿ, ದೊರೆಗೆ, “ಔದು ಬುದ್ಧಿ, ಕೈ ಓಗ್ಬುಟ್ಟದೆ,” ಎಂದರು.

ದೊರೆ ಅವರ ಭುಜ ತಟ್ಟಿ ಹೊರಟರು. ನಾನು ಗಂಡನ ಕಾಲು ಹಿಡಿದು ಅತ್ತೆ. “ನಾನು ಬಿಚ್ಚಿ ಕಟ್ಟಿದ್ದು ಅಂತ ಯಾಕ್ ಏಳ್ನಿಲ್ಲ ನೀವು? ಈಗ್ಲೇ ಬಂಗ್ಲೆಗೆ ಓಗಿ ನಾನೇ ಏಳ್ತೀನಿ.”

“ಏನಂತ ಏಳೀಯೆ? ಕಟ್ಕಂಡೋಳ್ಗೇ ನನ್ನ ಕೈ ಮ್ಯಾಲೆ ನಂಬ್ಕೆ ಇರ್ನಿಲ್ಲ ಅಂತಾನಾ? ಬುಡು.”

ನಾನು ಹೋಗಲಿಲ್ಲ. ಆ ದೊರೆ ಪಲ್ಟನ್ನಿಗೆ ಸೇರಿದರೆಂದು ಕೇಳಿದೆ, ಮತ್ತೆ ಬರಲಿಲ್ಲ.

ಡಬ್ಬಿ ತಿರುಗಿ ಬಂದ ಮರುದಿನ ನನ್ನ ಬಲವಂತಕ್ಕೆ ನನ್ನ ಗಂಡ ಒಂದು ಗಾಳ ಹಿಡಿದು ಕೂತರು. ಕೈ ಮೊದಲಿಗಿಂತ ಹೆಚ್ಚೇನೂ ನಡುಗುತ್ತಿರಲಿಲ್ಲ. ಒಂದು ಸುತ್ತು ಸುತ್ತಿ, ನನ್ನ ಕಡೆ ಹಿಡಿದು, “ಸರ್ಯಾಗಿ ಅದಾ ನೋಡು,” ಎಂದರು. ಇನ್ನೊಂದು ಸುತ್ತು ಸುತ್ತಿ ಮತ್ತೆ ಅದನ್ನೇ ಕೇಳಿದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ತಮ್ಮ ಕೆಲಸವನ್ನು ಸರಿಯಿದೆಯೇ ಎಂದು ಯಾರನ್ನೂ ಕೇಳಿದ್ದಿಲ್ಲ. ಸರಿಯಾಗಿದೆ, ಸರಿಯಾಗಿದೆ ಎಂದೆ. ಅವರು ಗಾಳ ಕೆಳಗಿಟ್ಟರು. ಆಮೇಲೆ ಆರು ವರ್ಷ ಬದುಕಿದ್ದರು, ದಾರ ಮುಟ್ಟಲಿಲ್ಲ.